ಅಟ್ಟದಿಂದ ಇಳಿದ ಕಾಯಿ

ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಈ ಸೀಮೆಯ ಮನೆಗಳಿಗೆಲ್ಲ ಇನ್ನೊಂದು ಹೊಸ್ತಿಲು. ಬೇಲೂರು, ಹಳೇಬೀಡಿನವರೂ ಬಸ್ಸು ಹಿಡಿದು ಬಂದು ಮಕ್ಕಳನ್ನು ರೈಲು ಹತ್ತಿಸಿದ್ದು ಇಲ್ಲೇ. ಎಂಬತ್ತರ ದಶಕದ ಆ ಮೀಟರ್‌ಗೇಜ್ ಗಾಡಿ ಯಾರಿಗೆ ನೆನಪಿಲ್ಲ? ತಗಡಿನ ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಚಟ್ನಿಪುಡಿಯ ಡಬ್ಬಿ. ಕಿಟಕಿಯ ಸರಳು ಹಿಡಿದು ನಿಂತ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: ‘ಮುಟ್ಟಿದ ಮೇಲೆ ಒಂದು ಕಾಗದ ಹಾಕಪ್ಪ.’ ಕಾರ್ಡು ಬರುವವರೆಗೆ ಮನೆಯವರ ಜೀವ ಅಂಚೆಯವನ ಸೈಕಲ್ಲಿನ ಮೇಲೆ. ಓದು ಮುಗಿಸಿ ಊರಿಗೇ ಬರುತ್ತೇನೆಂದು ಮಗ ಮಾತು ಕೊಟ್ಟಿರುತ್ತಿದ್ದ. ಕೊಟ್ಟವನೂ ಕೇಳಿದವರೂ ಅದನ್ನು ನಂಬಿದ್ದರು.

ಹೆಣ್ಣುಮಕ್ಕಳು ಮನೆ ಬಿಡುವುದೆಂದರೆ ಆಗ ಮಡಿಲಕ್ಕಿ ಕಟ್ಟಿಸಿಕೊಂಡು ಹೊರಡುವುದೇ. 1978ರಲ್ಲಿ ಕಾನೂನು ಹುಡುಗಿಯ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು. 1989ರಲ್ಲಿ 18 ತುಂಬಿದವರಿಗೆ ಮತದ ಹಕ್ಕೂ ಬಂತು. ಸರ್ಕಾರವನ್ನು ಆರಿಸಬಲ್ಲವರು ತಮ್ಮ ಕಾಲೇಜನ್ನು ಆರಿಸುವಂತಿರಲಿಲ್ಲ, ಅಷ್ಟೆ. 1994ರಲ್ಲಿ ಸಿಇಟಿ ಬಂದ ಮೇಲೆ ಪತ್ರಿಕೆಯಲ್ಲಿ ಅಚ್ಚಾದ ರ‍್ಯಾಂಕು ಅಪ್ಪನ ಮಾತನ್ನೂ ಮೀರಿಸತೊಡಗಿತು. ಹೆಣ್ಣುಮಕ್ಕಳ ಸೂಟ್‌ಕೇಸೂ ಹಾಸ್ಟೆಲ್ಲಿನ ಮೆಟ್ಟಿಲು ಹತ್ತಿತು. 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡೂ ಬೇಡವಾಯಿತು. ಮದುವೆಯಿಲ್ಲದೆಯೂ ಮಗಳು ಊರು ಬಿಡಬಹುದು, ಬೇಕೆಂದಾಗ ಬರಬಹುದು: ಈ ನಾಲ್ಕು ದಶಕಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಜಮೆ ಇಲ್ಲ.

ಖರ್ಚಿನ ಕಡೆಯೂ ಖಾಲಿಯಿಲ್ಲ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಬಿತ್ತು. ಆಲೂಗಡ್ಡೆಯನ್ನು ಅಂಗಮಾರಿ ತಿಂದಿತು. ‘ಈ ಮಣ್ಣಿನ ಸಹವಾಸ ನಿನಗೆ ಬೇಡ ಮಗ’ ಎಂದವರು ನಾವೇ. ಮಕ್ಕಳು ಬೆಂಗಳೂರಿನಲ್ಲಿ ನಿಂತರು, ಕೆಲವರು ಕಡಲನ್ನೂ ದಾಟಿದರು. ಈಗ ಮರ ಹತ್ತುವವರಿಲ್ಲ, ಹಬ್ಬಕ್ಕೆ ಎಲೆ ಹಾಕಿದರೆ ಎರಡೇ. ಬರುತ್ತೇನೆಂಬ ಮಾತು ತಪ್ಪಿತೆಂದು ಹಳಿಯುವ ಮುನ್ನ, ಆ ಮಾತಿನಿಂದ ಅವರನ್ನು ಬಿಡಿಸಿದವರು ಯಾರೆಂದು ನೆನೆಯಬೇಕು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಪಡಸಾಲೆಗೆ ಮರಳಿದಾಗ ಹಿಗ್ಗಿದೆವು. ತಿಂಗಳೊಪ್ಪತ್ತಿನಲ್ಲಿ ತಿಳಿಯಿತು: ನಾವು ಕಳಿಸಿದ ಹುಡುಗ ಬಂದಿರಲಿಲ್ಲ. ಊಟದ ಹೊತ್ತು, ನಿದ್ದೆಯ ಹೊತ್ತು, ಅಭಿಪ್ರಾಯ ಎಲ್ಲ ಬೇರೆಯಾದ ದೊಡ್ಡ ಮನುಷ್ಯನೊಬ್ಬ ಬಂದಿದ್ದ.

ಬೇಲೂರಿನವರಿಗೆ ಇದು ಹೊಸ ಕಥೆಯಲ್ಲ. ಮನೆ ಬಿಟ್ಟು ಬಂದ ಶಿಲ್ಪಿ ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ, ಅವನನ್ನರಸಿ ಬಂದ ಮಗ ಡಂಕಣ ದೋಷ ತೋರಿಸಿದನೆಂಬ ಐತಿಹ್ಯವನ್ನು ಕಪ್ಪೆ ಚೆನ್ನಿಗರಾಯನ ಮುಂದೆ ಎಷ್ಟು ಸಲ ಕೇಳಿಲ್ಲ! ಶಾಸನದ ಸಾಕ್ಷಿ ಬೇರೆ: ಬಳ್ಳಿಗಾವೆಯಿಂದ ಬಂದ ಶಿಲ್ಪಿ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಒಂದೇ ಗುಡಿಗೆ ದುಡಿದರೂ ಮದನಿಕೆಯರ ಕೆಳಗೆ ಅವರವರ ಹೆಸರು ಬೇರೆಬೇರೆಯಾಗಿಯೇ ಇದೆ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಸಂಭ್ರಮಿಸಿದ ನಾವು, ಮಗನ ಹೆಸರಿಗೂ ಜಾಗ ಬಿಟ್ಟುಕೊಟ್ಟ ಆ ಅಪ್ಪನನ್ನು ನೆನೆಯಲಿಲ್ಲ.

ಕೊಬ್ಬರಿ ಮಾಡುವ ಮನೆಗಳಿಗೆ ಈ ಬಿಟ್ಟುಕೊಡುವ ವಿದ್ಯೆ ಗೊತ್ತಿರಬೇಕಿತ್ತು. ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ, ಆಗಲೇ ಒಡೆಯಬೇಕು. ಆತುರಪಟ್ಟರೆ ತಿರುಳು ಚಿಪ್ಪಿಗೇ ಅಂಟಿ ಉಂಡೆ ಕೆಡುತ್ತದೆ. ಅಂದಿನ ಹಿರಿಯರು ಒಂದು ಕಾರ್ಡಿಗಾಗಿ ವಾರಗಟ್ಟಲೆ ಕಾದರು, ಕಾಯುತ್ತಲೇ ಬಿಡುವುದನ್ನು ಕಲಿತರು. ನಾವು ದಿನಕ್ಕೆ ನಾಲ್ಕು ಸಲ ಫೋನು ಮಾಡಿ ‘ಊಟ ಆಯ್ತಾ’ ಎಂದು ಕಾಯಿ ಅಲ್ಲಾಡಿಸಿ ನೋಡುತ್ತಿದ್ದೇವೆ. ಸದ್ದು ಬಂದು ಎಷ್ಟೋ ಕಾಲವಾಯಿತು.