ಮುಂದೆ ಝಗಝಗ, ಹಿಂದೆ ಕಗ್ಗತ್ತಲು

ಶಿವಮೊಗ್ಗದಲ್ಲೂ ಒಂದು ಹೊಸಮನೆ, ಭದ್ರಾವತಿಯಲ್ಲೂ ಒಂದು ಹೊಸಮನೆ. ಎರಡೂ ಬಡಾವಣೆಗಳಲ್ಲಿ ಮನೆ ಹಳೆಯದಾದರೂ ಬಾಗಿಲಲ್ಲಿ ನಿಂತ ಗಾಡಿ ಮಾತ್ರ ಹೊಸದು. ಬೊಲೆರೋ, ಸ್ಕಾರ್ಪಿಯೋ, ಅದಕ್ಕೂ ಮೇಲಿನ ಜಾತಿಯವು. "ಫ್ಯಾಮಿಲಿಗೆ ಬೇಕಲ್ಲ ಸಾರ್" ಎನ್ನುತ್ತಾರೆ ಮಾಲೀಕರು. ಬೇಡ ಎಂದವರು ಯಾರು? ಅಜ್ಜಿ, ಮೊಮ್ಮಕ್ಕಳು, ಬುತ್ತಿಗಂಟು ಎಲ್ಲಾ ತುಂಬಿಕೊಂಡು ಸಿಗಂದೂರಿಗೋ ಧರ್ಮಸ್ಥಳಕ್ಕೋ ಹೋಗಿಬರಲು ಅನುಕೂಲವೇ ಸರಿ. ಆದರೆ ಇವೇ ಗಾಡಿಗಳನ್ನು ರಾತ್ರಿ ಎಂಟರ ಮೇಲೆ ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ನೋಡಬೇಕು. ಮುಂದೆ ಮದುವೆ ಚಪ್ಪರದ ಬೆಳಕು. ಹಿಂದೆ ಒಂದು ದೀಪ ಸತ್ತಿದೆ. ಕೆಲವಕ್ಕೆ ಎರಡೂ ಸತ್ತಿವೆ.

ಬಸ್ಸಿನ ಡ್ರೈವರ್ ಎತ್ತರದಲ್ಲಿ ಕೂತಿರುತ್ತಾನೆ, ಅವನ ಗಾಡಿಯ ಲೈಟೂ ದೊಡ್ಡದು, ಹೇಗೋ ನಿಭಾಯಿಸುತ್ತಾನೆ. ಮುಂದಿನ ಸೀಟಿನ ಕಂಬಿಗೆ ಮೂಗು ಬಡಿಸಿಕೊಂಡ ಪ್ರಯಾಣಿಕರು ಅವನನ್ನೇ ಬೈಯುತ್ತಾರೆ, ಅದು ಬೇರೆ ಮಾತು. ನಿಜವಾದ ಅಪಾಯ ಸ್ಕೂಟರಿನವನಿಗೆ. ಒಂಬತ್ತಕ್ಕೆ ಅಂಗಡಿಯ ಷಟರ್ ಎಳೆದು ಮನೆಗೆ ಹೊರಟ ವ್ಯಾಪಾರಿಗೆ ಮುಂದೆ ಒಂದೇ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಯಾವುದೋ ಬೈಕು ಅಂದುಕೊಂಡು ಬಲಕ್ಕೆ ನುಗ್ಗುತ್ತಾನೆ. ಉರಿಯುತ್ತಿದ್ದದ್ದು ಎಡಗಡೆಯ ದೀಪ. ಅದರ ಬಲಕ್ಕೆ ನಾಲ್ಕೈದು ಅಡಿ ಕಬ್ಬಿಣ ಕತ್ತಲಲ್ಲಿ ಅಡಗಿದೆ. ಮಳೆ ಬೇರೆ ಹಿಡಿದಿದ್ದರೆ ಕೇಳುವುದೇ ಬೇಡ.

ಮಾಲೀಕನಿಗೆ ಇದು ಗೊತ್ತಿರುವುದಿಲ್ಲ ಎಂಬುದೇ ಇದರ ಕೇಡು. ಹೆಡ್‌ಲೈಟ್ ಹೋದರೆ ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಹಾರನ್ ಕೆಟ್ಟರಂತೂ ನಮ್ಮೂರ ಜನ ಒಂದು ಫರ್ಲಾಂಗ್ ಗಾಡಿ ಓಡಿಸಲಾರರು! ಹಿಂದಿನ ದೀಪ ಹೋದರೆ ಕಾಣುವುದು ಹಿಂದೆ ಬರುವವನಿಗೆ ಮಾತ್ರ. ಅವನು ನಿಲ್ಲಿಸಿ ಹೇಳುವುದಿಲ್ಲ, ಹೇಳಿದರೆ ಇವನು ಕೇಳುವುದಿಲ್ಲ.

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕತ್ತಲಾದ ಮೇಲೆ ಹಿಂದಿನ ಕೆಂಪು ದೀಪ ದೂರಕ್ಕೆ ಕಾಣಬೇಕು, ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬೀಳಬೇಕು. ಆದರೆ ನೋಡುವವರು ಯಾರು? ಬಸ್ಸು, ಲಾರಿ, ಟ್ಯಾಕ್ಸಿಗಳು ಎಫ್.ಸಿ.ಗೆಂದು ಆರ್.ಟಿ.ಓ. ಮುಂದೆ ನಿಲ್ಲಬೇಕು. ಸ್ವಂತ ಗಾಡಿ ಒಮ್ಮೆ ನೋಂದಣಿಯಾದರೆ 15 ವರ್ಷ ಅದರ ದೀಪವನ್ನು ಯಾವ ಅಧಿಕಾರಿಯೂ ಕರೆದು ನೋಡುವುದಿಲ್ಲ. ಹೊಗೆ ತಪಾಸಣೆಯವನು ಸೈಲೆನ್ಸರಿಗೆ ಕೊಳವೆ ತೂರಿಸಿ ಚೀಟಿ ಕೊಡುತ್ತಾನೆ. ಕೊಳವೆಗಿಂತ ಎರಡಡಿ ಮೇಲಿರುವ ದೀಪ ಅವನ ಇಲಾಖೆಯಲ್ಲ. ಗಾಡಿ ಹೇಗೂ ಅವನ ಮುಂದೆಯೇ ನಿಂತಿರುತ್ತದೆ. "ಸ್ವಲ್ಪ ಬ್ರೇಕ್ ಒತ್ತಿ ಸ್ವಾಮಿ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸಾರಿಗೆ ಇಲಾಖೆ ಇದೊಂದನ್ನು ಆ ಚೀಟಿಗೆ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಮಾಲೀಕರದು. ಅದಕ್ಕೆ ದೊಡ್ಡ ಮೆಕ್ಯಾನಿಕ್ ಬೇಕಿಲ್ಲ. ರಾತ್ರಿ ಗಾಡಿಯನ್ನು ಮುಚ್ಚಿದ ಷಟರಿಗೋ ಕಾಂಪೌಂಡಿಗೋ ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಕೆಂಪು ಎರಡು ಕಡೆ ಬೀಳುತ್ತದೋ ಒಂದೇ ಕಡೆಯೋ ಕನ್ನಡಿಯಲ್ಲೇ ಕಾಣುತ್ತದೆ. ಇಂಡಿಕೇಟರ್ ಇದ್ದಕ್ಕಿದ್ದಂತೆ ಅವಸರವಾಗಿ ಟಿಕಟಿಕ ಎಂದರೆ ಆ ಬದಿಯ ಒಂದು ಬಲ್ಬ್ ಹೋಗಿದೆ ಎಂದೇ ಅರ್ಥ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಮಿಣಮಿಣ ಎಂದರೆ ಬಲ್ಬಿನ ತಪ್ಪಲ್ಲ, ಅರ್ಥಿಂಗ್ ಕೆಟ್ಟಿದೆ. ಮಲೆನಾಡಿನ ಮಳೆಗೆ ಗಾಜಿನ ರಬ್ಬರು ಸಡಿಲವಾಗಿ ನೀರು ಇಳಿಯುತ್ತದೆ, ಹೋಲ್ಡರಿನ ಹಿತ್ತಾಳೆ ಹಸಿರುಗಟ್ಟುತ್ತದೆ. ಮರಳು ಕಾಗದದಲ್ಲಿ ಉಜ್ಜಿ ರಬ್ಬರು ಬದಲಿಸಿದರೆ ಸರಿಹೋಗುತ್ತದೆ. ಎರಡೂ ಬ್ರೇಕ್ ಲೈಟು ಒಟ್ಟಿಗೇ ಹೋಗಿದ್ದರೆ ಫ್ಯೂಸನ್ನೋ ಪೆಡಲಿನ ಸ್ವಿಚ್ಚನ್ನೋ ನೋಡಬೇಕು. ಫ್ಯೂಸಿಗೆ ಬದಲು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕುವ ಪಂಡಿತರು ಇನ್ನೂ ಇದ್ದಾರೆ. ಗಾಡಿ ಸುಟ್ಟರೆ ಅವರು ಬರುವುದಿಲ್ಲ.

ಹಳೆಯ ಮಾದರಿಯ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಎರಡು ತಂತಿಯ ಬಲ್ಬು. 5 ವ್ಯಾಟಿನದು ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಅದರ ಎರಡು ಮೊಳೆಗಳು ಒಂದೇ ಎತ್ತರದಲ್ಲಿಲ್ಲ, ತಿರುಗಿಸಿ ಕೂರಿಸಬೇಕು. ಬಲವಂತ ಮಾಡಿದರೆ ಹೋಲ್ಡರೇ ಹಾಳು. ಬೆಲೆ ಒಂದು ಮಸಾಲೆ ದೋಸೆಗಿಂತ ಹೆಚ್ಚಿಲ್ಲ. ಹೊಸ ಎಲ್.ಇ.ಡಿ. ದೀಪಗಳ ಕಥೆ ಬೇರೆ. ಬಾಳಿಕೆ ಹೆಚ್ಚು ನಿಜ, ಆದರೆ ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟನ್ನೇ ಬದಲಿಸಬೇಕು, ಸಾವಿರಗಟ್ಟಲೆ ಖರ್ಚು. ಲಕ್ಷಾಂತರ ಕೊಟ್ಟು ಗಾಡಿ ಕೊಂಡವರು "ಮುಂದಿನ ಸರ್ವೀಸಿಗೆ ನೋಡೋಣ ಬಿಡಿ" ಎಂದು ತಿಂಗಳುಗಟ್ಟಲೆ ತಳ್ಳುವುದು ಇಲ್ಲಿಯೇ.

ಇನ್ನು ಹುಡುಗರ ಶೋಕಿ. ಒಳ್ಳೆಯ ದೀಪದ ಮೇಲೆ ಕಪ್ಪು ಫಿಲ್ಮ್ ಅಂಟಿಸುತ್ತಾರೆ. ಕೆಟ್ಟ ದೀಪಕ್ಕಾದರೂ ಬಡತನದ ನೆಪ ಹೇಳಬಹುದು, ಇದಕ್ಕೆ ಏನು ಹೇಳುವುದು? ಪ್ರವಾಸಕ್ಕೆ ಹೊರಟಾಗ ಕ್ಯಾರಿಯರಿನ ಟಾರ್ಪಾಲು ಹಿಂದಿನ ಗಾಜಿನ ಮೇಲೆ ಜೋತು ಬಿದ್ದು ಮೂರನೇ ಬ್ರೇಕ್ ಲೈಟು ಮುಚ್ಚುವುದೂ ಇದೇ ಸಾಲಿನದು.

ಜರ್ಮನಿಯಲ್ಲಿ 1956ರಿಂದ ಪ್ರತಿ ಅಕ್ಟೋಬರಿನಲ್ಲಿ ಗ್ಯಾರೇಜುಗಳು ಗಾಡಿಗಳ ದೀಪಗಳನ್ನು ಪುಕ್ಕಟೆ ಪರೀಕ್ಷಿಸಿ ಕೊಡುತ್ತವೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಲ್ಲಿ ಆಯುಧಪೂಜೆ. ಗಾಡಿ ತೊಳೆದು, ಚೆಂಡು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುವುದೆಲ್ಲಾ ಆಗುತ್ತದೆ. ಬ್ರೇಕ್ ಒತ್ತಿ ಹಿಂದೆ ನೋಡುವವರು ಇಲ್ಲ. ಎರಡೂ ಊರಿನ ಗ್ಯಾರೇಜಿನವರು ಮನಸ್ಸು ಮಾಡಿದರೆ ಆ ವಾರ ಈ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಡಬಹುದು. ಬಲ್ಬಿನ ವ್ಯಾಪಾರ ಹೇಗೂ ಅವರಿಗೇ. ಸಂಚಾರಿ ಪೊಲೀಸರು ಹಗಲು ಹೆಲ್ಮೆಟ್ ಹಿಡಿಯುವ ಉತ್ಸಾಹದಲ್ಲಿ ಸ್ವಲ್ಪ ಉಳಿಸಿಕೊಂಡು, ತಿಂಗಳಿಗೊಂದು ರಾತ್ರಿ ಬಿ.ಎಚ್. ರಸ್ತೆಯಲ್ಲಿ ನಿಂತು ಗಾಡಿಗಳ ಬೆನ್ನು ನೋಡಲಿ. ಮೊದಲ ಸಲ ಬರೀ ಎಚ್ಚರಿಕೆ ಚೀಟಿ ಸಾಕು, ಎರಡನೇ ಸಲಕ್ಕೆ ದಂಡ. ಮಳೆಗಾಲಕ್ಕೆ ಮುಂಚೆ ಶುರುವಾದರೆ ಒಳ್ಳೆಯದು.