ತಲೆಗೆ ಪೆಟ್ಟು ಬಿದ್ದವರ ಕಣ್ಣಿನ ಆರೈಕೆಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ
(ಮಾನ್ಯ ತಹಶೀಲ್ದಾರರು, ನಿಡಗುಂದಿ ಇವರ ಮುಖಾಂತರ)

ಇವರಿಂದ,
ಆಲಮಟ್ಟಿ ಹಾಗೂ ಸುತ್ತಲಿನ ಊರುಗಳ ನಾಗರಿಕರು

ವಿಷಯ: ತಲೆಗೆ ಪೆಟ್ಟಾದವರಿಗೆ ಕಣ್ಣಿನ ತಪಾಸಣೆ, ಕನ್ನಡದಲ್ಲಿ ಎಚ್ಚರಿಕೆ ಚೀಟಿ ಮತ್ತು ಮರುತಪಾಸಣೆಯ ವ್ಯವಸ್ಥೆ ಕೋರಿ.

ಮಾನ್ಯರೇ,

ನಮ್ಮೂರ ಜಲಾಶಯ ನೋಡಲು ಬಂದವರು ಸಂಗೀತ ಕಾರಂಜಿ ಮುಗಿಸಿಕೊಂಡು ಕತ್ತಲಲ್ಲಿ ಬೈಕ್ ಹತ್ತುತ್ತಾರೆ. ಮುಂದೆ ನಿಡಗುಂದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇಲ್ಲದೆ, ಇದೇ ರಸ್ತೆಗಳಲ್ಲಿ ಸಾಲುಗಟ್ಟುತ್ತವೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರು ನಿದ್ದೆಗಣ್ಣಲ್ಲಿ ಎದ್ದು ಜಾರಿ ಬೀಳುತ್ತಾರೆ. ಹೀಗೆ ತಲೆಗೆ ಪೆಟ್ಟಾದವರ ಹೊಲಿಗೆ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತೇವೆ. ಆಮೇಲೆ ಅವರಿಗೆ ಸರಿಯಾಗಿ ಕಾಣುತ್ತಿದೆಯೇ ಎಂದು ಕೇಳುವವರಿಲ್ಲ.

ಈ ಮನವಿ ಬರೆಯುತ್ತಿರುವ ನನ್ನ ಸ್ವಂತ ತಮ್ಮನ ಸಂಗತಿ ಹೇಳುತ್ತೇನೆ. ರಾತ್ರಿ ಅವನ ಬೈಕ್ ಕಬ್ಬಿನ ಟ್ರಾಲಿಗೆ ಗುದ್ದಿತು. ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲವೆಂದು ಮೂರನೆಯ ದಿನ ಮನೆಗೆ ಕಳಿಸಿದರು. ಮನೆಗೆ ಬಂದವನು ಮೆಟ್ಟಿಲು ಇಳಿಯುವಾಗ ಒಂದೊಂದನ್ನೂ ಕಾಲಲ್ಲಿ ತಡಕುತ್ತಿದ್ದ. ಬಸಿಗೆ ಸುರಿದ ಚಹಾ ಅರ್ಧ ನೆಲದ ಪಾಲು. ಊಟಕ್ಕೆ ಕೂತರೆ ತಲೆಯನ್ನು ಎಡಭುಜದತ್ತ ವಾಲಿಸಿಕೊಂಡೇ ರೊಟ್ಟಿ ಮುರಿಯುತ್ತಿದ್ದ. ಕುತ್ತಿಗೆ ಉಳುಕಿದೆ ಎಂದು ಅವ್ವ ಎಣ್ಣೆ ತಿಕ್ಕಿದಳು. ಚಷ್ಮಾ ಅಂಗಡಿಯಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದ. ಕಣ್ಣು ಚೆನ್ನಾಗಿದೆ ಎಂದರು. "ಯಣ್ಣಾ, ಕೆಳಗ ನೋಡಿದ್ರ ಎಲ್ಲಾ ಎರಡೆರಡ ಕಾಣತೈತಿ" ಎಂದು ಅವನು ಬಾಯಿಬಿಟ್ಟಾಗ ತಿಂಗಳು ದಾಟಿತ್ತು. ತಲೆ ಕೆಟ್ಟಿದೆ ಅಂದಾರು ಎಂಬ ಅಂಜಿಕೆಯಲ್ಲಿ ಅಷ್ಟು ದಿನ ನುಂಗಿಕೊಂಡಿದ್ದ.

ಹುಬ್ಬಳ್ಳಿಯಲ್ಲಿ ವೈದ್ಯರು ಅವನ ಮುಖದ ಮುಂದೆ ಪೆನ್ನು ಆಡಿಸಿ ನೋಡಿದರು, ಎರಡು ನಿಮಿಷ ಹಿಡಿಯಲಿಲ್ಲ. ಕಣ್ಣನ್ನು ಕೆಳಕ್ಕೆ ತಿರುಗಿಸುವ ಸ್ನಾಯುವಿನ ನರಕ್ಕೆ ಪೆಟ್ಟಾಗಿತ್ತು. ಮೆದುಳಿನಿಂದ ಹೊರಡುವ ನರಗಳಲ್ಲೇ ಅದು ತೀರ ತೆಳ್ಳಗಿನದು, ತಲೆಬುರುಡೆಯೊಳಗೆ ದೂರ ಸಾಗಬೇಕಾದ್ದು. ಅದಕ್ಕೇ ಅಷ್ಟು ಬೇಗ ಪೆಟ್ಟು ತಿನ್ನುತ್ತದೆ. ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಈ ಪೆಟ್ಟು ಕಾಣದೇ ಹೋಗಬಹುದು. ಎಷ್ಟೋ ಜನರಿಗೆ ಕೆಲವು ತಿಂಗಳಲ್ಲಿ ತಾನೇ ಸುಧಾರಿಸುತ್ತದೆ. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಅಥವಾ ಪ್ರಿಸಂ ಚಷ್ಮಾ ಸಾಕಾಗಬಹುದು. ಆದರೆ ಗೊತ್ತಿಲ್ಲದೆ ನನ್ನ ತಮ್ಮ, ಬಾಯಿಬಿಡುವ ಮೊದಲಿನ ಆ ತಿಂಗಳೆಲ್ಲ ಗಾಡಿ ಓಡಿಸಿದ್ದ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ದುಡ್ಡು ಬೇಡುವಂಥದ್ದಲ್ಲ. ತಲೆಗೆ ಪೆಟ್ಟಾಗಿ ಬಂದ ಯಾರನ್ನೇ ಮನೆಗೆ ಕಳಿಸುವ ಮೊದಲು, ಜಿಲ್ಲೆಯ ಎಲ್ಲ ಆಸ್ಪತ್ರೆಗಳಲ್ಲಿ, ಬೆರಳು ಆಡಿಸಿ ಎರಡೂ ಕಣ್ಣಿನ ಚಲನೆ ನೋಡಬೇಕು. ಎರಡೂ ಕಣ್ಣು ತೆರೆದು ಪತ್ರಿಕೆಯ ನಾಲ್ಕು ಸಾಲು ಓದಿಸಬೇಕು. ಎರಡೆರಡು ಕಾಣುತ್ತದೆಯೇ, ಒಂದು ಬದಿ ಮಬ್ಬಾಗಿದೆಯೇ, ಬೆಳಕು ಚುಚ್ಚುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಎರಡು ವಾರಕ್ಕೆ ಮತ್ತೆ ಕರೆಸಬೇಕು. ಶಾಲೆಯ ಮಕ್ಕಳಾದರೆ ಶಿಕ್ಷಕರಿಗೂ ತಿಳಿಸಬೇಕು. ಓದುವಾಗ ಸಾಲು ತಪ್ಪುವ ಹುಡುಗನನ್ನು ದಡ್ಡನೆಂದು ಬಯ್ಯುವುದು ನಮ್ಮಲ್ಲಿ ಸುಲಭ.

ಜೊತೆಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಕೊಡಬೇಕು. ತಲೆನೋವು ಏರುತ್ತಲೇ ಇದ್ದರೆ, ಮತ್ತೆಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ, ಹೊಸದಾಗಿ ಎರಡೆರಡು ಕಂಡರೆ, ದೃಷ್ಟಿ ಥಟ್ಟನೆ ಹೋದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕೆಂದು ಅದರಲ್ಲಿರಲಿ. ಕಣ್ಣೆದುರು ಮಿಂಚು ಹೊಡೆದಂತಾಗಿ ಪರದೆ ಇಳಿದಂತೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕೆಂದೂ ಇರಲಿ. ವಯಸ್ಸಾದವರಲ್ಲಿ, ರಕ್ತ ತೆಳುವಾಗುವ ಗುಳಿಗೆ ನುಂಗುವವರಲ್ಲಿ ತಲೆಯೊಳಗಿನ ರಕ್ತಸ್ರಾವ ವಾರಗಟ್ಟಲೆ ತಡವಾಗಿಯೂ ತೋರಬಹುದೆಂಬ ಎಚ್ಚರಿಕೆಯೂ ಇರಲಿ. ಪೆಟ್ಟಾದ ಕಣ್ಣಿಗೆ ಹರಳೆಣ್ಣೆ, ಎದೆಹಾಲು ಬಿಡಬಾರದು, ಒತ್ತಬಾರದು ಎಂಬ ಮಾತೂ ಸೇರಲಿ. ನಮ್ಮ ಹಿರಿಯರು ಅಕ್ಕರೆಯಿಂದಲೇ ಅದನ್ನು ಮಾಡುತ್ತಾರೆ.

ಎರಡನೆಯದು ದೂರದ ಸಮಸ್ಯೆ. ಆಲಮಟ್ಟಿಯಿಂದ ವಿಜಯಪುರಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ಕಣ್ಣಿಗೆ ಒಂದು ದಿನ, ನರಕ್ಕೆ ಇನ್ನೊಂದು ದಿನ ಎಂದರೆ ಕೂಲಿಯವರು ಎರಡನೆಯ ಸಲ ಹೋಗುವುದೇ ಇಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರಂಭಿಸಿರುವ ಮೆದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ತಲೆಪೆಟ್ಟಿನವರಿಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಅದೇ ದಿನ ಕಣ್ಣಿನ ತಜ್ಞರೂ ನೋಡುವಂತಾಗಲಿ. ನಿಡಗುಂದಿಯಲ್ಲಿ ನೇತ್ರಾಧಿಕಾರಿಗಳು ಇರುವ ದಿನವನ್ನು ಪಂಚಾಯಿತಿ ಫಲಕದಲ್ಲಿ ಬರೆಸಿರಿ.

ಮೂರನೆಯದು ಖರ್ಚು. ರಸ್ತೆ ಅಪಘಾತದ ಗಾಯಾಳುಗಳಿಗಾಗಿ ರಾಜ್ಯ ತಂದ 2016ರ ಹರೀಶ್ ಸಾಂತ್ವನ ಯೋಜನೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಭರಿಸುವಂತೆ ರೂಪುಗೊಂಡಿತು. 2025ರಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಯೋಜನೆ 1.5 ಲಕ್ಷದವರೆಗೆ ಕೊಡುತ್ತದೆ, ಆದರೆ ಅಪಘಾತದ ದಿನದಿಂದ 7 ದಿನ ಮಾತ್ರ. ಜೀವ ಉಳಿಸಲು ಇವು ಬೇಕೇ ಬೇಕು. ನನ್ನ ತಮ್ಮ ಬಾಯಿಬಿಟ್ಟದ್ದು ಮಾತ್ರ ಐದನೆಯ ವಾರದಲ್ಲಿ. ಮಾಳಿಗೆಯಿಂದ ಬಿದ್ದವರಿಗಂತೂ ರಸ್ತೆ ಅಪಘಾತದ ಯೋಜನೆ ಅನ್ವಯಿಸುವುದೇ ಇಲ್ಲ. ಇಂಥವರ ಮರುತಪಾಸಣೆ, ಪ್ರಿಸಂ ಚಷ್ಮಾ, ಬೇಕಾದರೆ ಶಸ್ತ್ರಚಿಕಿತ್ಸೆ ಎಲ್ಲವೂ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಸಿಗುವಂತೆ ಸರ್ಕಾರಕ್ಕೆ ತಾವು ಶಿಫಾರಸು ಮಾಡಬೇಕು.

ಕೊನೆಯದಾಗಿ, ಇಂಥ ಪೆಟ್ಟೇ ಆಗದಂತೆ ತಡೆಯಲು, ಟ್ರಾಲಿಗಳಿಗೆ ರಿಫ್ಲೆಕ್ಟರ್ ಅಂಟಿಸದೆ ಯಾವ ಕಾರ್ಖಾನೆಯೂ ಕಬ್ಬು ಇಳಿಸಿಕೊಳ್ಳಬಾರದೆಂಬ ಆದೇಶ ಹಂಗಾಮಿಗೆ ಮೊದಲೇ ಹೊರಡಲಿ.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಮೂವತ್ತು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಸ್ಥಳ: ಆಲಮಟ್ಟಿ

ತಮ್ಮ ವಿಶ್ವಾಸಿಗಳು,
ಆಲಮಟ್ಟಿ ಹಾಗೂ ಸುತ್ತಲಿನ ಊರುಗಳ ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ವಿಜಯಪುರ