ಕರಗದೆ ಉಳಿದದ್ದು: ಲೈಸೊಸೋಮಿನ ಕೆಲಸ ನಿಂತಾಗ

ಜೀವಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸದೆ ಹೈಸ್ಕೂಲು ದಾಟಿದವರು ಕಡಿಮೆ. ನಡುವೆ ಕೋಶಕೇಂದ್ರ, ಅದಕ್ಕೆ ಅಂಟಿಕೊಂಡಂತೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಪಕ್ಕದಲ್ಲಿ ಗಾಲ್ಗಿ ಸಂಕೀರ್ಣ, ಅಲ್ಲಲ್ಲಿ ಮೈಟೊಕಾಂಡ್ರಿಯ, ಮೂಲೆಯಲ್ಲಿ ಜಾಗ ಉಳಿದರೆ ಒಂದು ಸಣ್ಣ ವೃತ್ತ. ಆ ವೃತ್ತವೇ ಲೈಸೊಸೋಮ್. ಅದರ ಬಗ್ಗೆ ಬಹಳ ಜನಕ್ಕೆ ನೆನಪಿರುವುದು ಒಂದೇ ಮಾತು: ಅದು 'ಆತ್ಮಹತ್ಯಾ ಚೀಲ', ಒಡೆದರೆ ಒಳಗಿನ ಕಿಣ್ವಗಳು ಹೊರಗೆ ಹರಿದು ಕೋಶವನ್ನೇ ಜೀರ್ಣಿಸಿಬಿಡುತ್ತವೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಮಕ್ಕಳ ಆಸ್ಪತ್ರೆಯ ಆನುವಂಶಿಕ ಕಾಯಿಲೆಗಳ ವಿಭಾಗದ ಮುಂದೆ ಚೀಟಿ ಹಿಡಿದು ಕೂತ ತಂದೆತಾಯಿಗಳ ಕಷ್ಟವೇ ಬೇರೆ. ಅವರ ಮಗುವಿನಲ್ಲಿ ಲೈಸೊಸೋಮ್ ಒಡೆದಿಲ್ಲ. ಇದ್ದಲ್ಲೇ ಇದೆ, ಆದರೆ ಒಳಗೆ ಹೋದದ್ದು ಕರಗುತ್ತಿಲ್ಲ. ಹೊಟ್ಟೆ ಉಬ್ಬುತ್ತದೆ, ಮೂಳೆ ನೋಯುತ್ತದೆ, ಕೆಲವು ಮಕ್ಕಳಲ್ಲಿ ಕಲಿತ ಮಾತು ಮರೆತುಹೋಗುತ್ತದೆ. ಲೈಸೊಸೋಮಿನ ವಿಷಯದಲ್ಲಿ ನಾವು ಹೆದರಬೇಕಾದದ್ದು ಅದು ಒಡೆಯುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಕೂರುವುದಕ್ಕೆ.

ಲೈಸೊಸೋಮ್ ಬೆಳಕಿಗೆ ಬಂದದ್ದೇ ಆಕಸ್ಮಿಕವಾಗಿ. 1949ರ ಸುಮಾರಿಗೆ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ಡಿ ಡೂವ್ ಎಂಬ ವಿಜ್ಞಾನಿ ಇನ್ಸುಲಿನ್ ಬೆನ್ನು ಹತ್ತಿದ್ದರು. ಇಲಿಯ ಪಿತ್ತಜನಕಾಂಗವನ್ನು ಸಕ್ಕರೆ ದ್ರಾವಣದಲ್ಲಿ ಮೆಲ್ಲಗೆ ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಯಾವ ಪದರದಲ್ಲಿ ಯಾವ ಕಿಣ್ವ ಇದೆಯೆಂದು ನೋಡುವುದು ಅವರ ಕೆಲಸ. ತಾಳೆ ನೋಡಲೆಂದು ಆಸಿಡ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವನ್ನೂ ಅಳೆದರು. ಅದರ ಚಟುವಟಿಕೆ ಇರಬೇಕಾದ್ದಕ್ಕಿಂತ ಹತ್ತನೇ ಒಂದು ಭಾಗದಷ್ಟೇ ಇತ್ತು. ಮಾದರಿಗಳು ಫ್ರಿಜ್ಜಿನಲ್ಲಿ ಉಳಿದವು. ಐದು ದಿನ ಬಿಟ್ಟು ಅವನ್ನೇ ಮತ್ತೆ ಅಳೆದರೆ ಕಿಣ್ವ ಪೂರಾ ಪ್ರಮಾಣದಲ್ಲಿ ಹಾಜರಿತ್ತು.

ಲೆಕ್ಕ ತಪ್ಪಿರಬೇಕೆಂದು ಹಳೆಯ ಅಂಕಿಯನ್ನು ಹೊಡೆದುಹಾಕಿ ಮುಂದೆ ಹೋಗಬಹುದಿತ್ತು. ಡಿ ಡೂವ್ ಹೋಗಲಿಲ್ಲ. ಕಿಣ್ವ ಮೊದಲ ದಿನವೂ ಅಲ್ಲೇ ಇತ್ತು, ಯಾವುದೋ ಪೊರೆಯೊಳಗೆ ಮುಚ್ಚಿಟ್ಟುಕೊಂಡಿತ್ತು, ದಿನ ಕಳೆದಂತೆ ಪೊರೆ ಸವೆದು ಹೊರಬಂತು ಎಂದು ತರ್ಕಿಸಿದರು. 1955ರಲ್ಲಿ ಆ ಚೀಲಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. ಕಣ್ಣಿಗೆ ಕಾಣುವ ಮೊದಲು ಲೆಕ್ಕದಲ್ಲಿ ಸಿಕ್ಕ ಕಣದಂಗ ಇದು. 1974ರ ನೊಬೆಲ್ ಪ್ರಶಸ್ತಿಯನ್ನು ಡಿ ಡೂವ್ ಅವರು ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ ಅವರೊಂದಿಗೆ ಹಂಚಿಕೊಂಡರು.

ಹಾಗಾದರೆ ಈ ಚೀಲ ಒಡೆದರೆ ಅಪಾಯವಿಲ್ಲವೇ? ದೊಡ್ಡ ಪ್ರಮಾಣದಲ್ಲಿ ಒಡೆದರೆ ಖಂಡಿತ ಇದೆ. ಸಣ್ಣಪುಟ್ಟ ಸೋರಿಕೆಯನ್ನು ಮಾತ್ರ ಕೋಶ ತಡೆದುಕೊಳ್ಳುತ್ತದೆ, ಕಾರಣ ಹುಳಿ. ಕೋಶದ್ರವ್ಯದ ಪಿಹೆಚ್ ಸುಮಾರು 7.2, ಅಂದರೆ ಹೆಚ್ಚುಕಡಿಮೆ ತಟಸ್ಥ. ಲೈಸೊಸೋಮಿನ ಒಳಗೆ 4.5ರಿಂದ 5, ಸರಿಯಾಗಿ ಹೆಪ್ಪಾಗಿ ಹುಳಿ ಹಿಡಿದ ಮೊಸರಿನಷ್ಟು. ಪಿಹೆಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತುಪಟ್ಟು ಏರುತ್ತದಾದ್ದರಿಂದ ಪೊರೆಯ ಈಚೆಗೂ ಆಚೆಗೂ ನೂರಾರು ಪಟ್ಟು ಅಂತರ. ಲೈಸೊಸೋಮಿನ ಸುಮಾರು 60 ಬಗೆಯ ಕಿಣ್ವಗಳು ಆ ಹುಳಿಯಲ್ಲಷ್ಟೇ ಚುರುಕು, ಹೊರಗೆ ಬಿದ್ದರೆ ಬಹುತೇಕ ನಿಷ್ಕ್ರಿಯ. ಕೋಶ ತಾನಾಗಿ ಸಾಯಬೇಕಾಗಿ ಬಂದಾಗಲೂ ಆ ಕೆಲಸವನ್ನು ನಡೆಸುವುದು ಬಹುಮಟ್ಟಿಗೆ ಮೈಟೊಕಾಂಡ್ರಿಯದಿಂದ ಹೊರಡುವ ಸೂಚನೆ ಮತ್ತು ಕ್ಯಾಸ್ಪೇಸ್ ಎಂಬ ಬೇರೆಯೇ ಕಿಣ್ವಗಳು. ಆತ್ಮಹತ್ಯಾ ಚೀಲ ಎಂದು ಕರೆದವರು ಡಿ ಡೂವ್ ಅವರೇ. ಆಗ ತಿಳಿದಿದ್ದಷ್ಟರಲ್ಲಿ ಅದು ಸಹಜವಾದ ಊಹೆ. ಪಠ್ಯಪುಸ್ತಕ ಇನ್ನೂ ಅಲ್ಲೇ ನಿಂತಿರುವುದು ಮಾತ್ರ ಸರಿಯಲ್ಲ.

ಈ ಹುಳಿ ಬಿಟ್ಟಿ ಬರುವುದಿಲ್ಲ. ಪೊರೆಯಲ್ಲಿ ಕೂತ ಪಂಪುಗಳು ಹೈಡ್ರೋಜನ್ ಅಯಾನುಗಳನ್ನು ಎಡೆಬಿಡದೆ ಒಳಗೆ ನೂಕುತ್ತಿರಬೇಕು, ಅದಕ್ಕೆ ಶಕ್ತಿ ಕೊಡುವ ಎಟಿಪಿಯ ಬಹುಪಾಲು ಮೈಟೊಕಾಂಡ್ರಿಯದಿಂದ ಬರಬೇಕು. ಇನ್ನು ಅದೇ ಪೊರೆಯನ್ನು ಒಳಗಿನ ಕಿಣ್ವಗಳು ಯಾಕೆ ತಿನ್ನುವುದಿಲ್ಲ ಎಂದು ಯಾರಾದರೂ ವಿದ್ಯಾರ್ಥಿ ಕೇಳಿದರೆ ಆ ಪ್ರಶ್ನೆಗೇ ಅಂಕ ಕೊಡಬೇಕು. ಪೊರೆಯ ಒಳಮೈಯಲ್ಲಿರುವ ಪ್ರೋಟೀನುಗಳಿಗೆ ಸಕ್ಕರೆ ಅಣುಗಳ ಸರಪಳಿಗಳು ದಟ್ಟವಾಗಿ ಅಂಟಿಕೊಂಡಿರುತ್ತವೆ, ಕಿಣ್ವಗಳಿಗೆ ಅವನ್ನು ದಾಟಿ ಪೊರೆಗೆ ಬಾಯಿ ಹಾಕುವುದು ಕಷ್ಟ.

ಕಿಣ್ವ ಆ ಚೀಲದೊಳಗೆ ಬಂದು ಸೇರುವ ದಾರಿಯನ್ನು ಹಿಡಿದು ಹೊರಟರೆ ಉಳಿದ ಕಣದಂಗಗಳ ಪರಿಚಯವೂ ಆಗುತ್ತದೆ. ಒಂದು ಕಿಣ್ವವನ್ನು ತೆಗೆದುಕೊಳ್ಳೋಣ: ಆಮ್ಲೀಯ ಆಲ್ಫಾ ಗ್ಲುಕೊಸಿಡೇಸ್. ಲೈಸೊಸೋಮಿಗೆ ಬಂದುಬಿದ್ದ ಗ್ಲೈಕೊಜೆನ್ ಅನ್ನು ಗ್ಲುಕೋಸಾಗಿ ಒಡೆಯುವುದು ಇದರ ಕೆಲಸ. ಇದರ ಜೀನ್ ಇರುವುದು ಕೋಶಕೇಂದ್ರದಲ್ಲಿ, 17ನೇ ಕ್ರೋಮೊಸೋಮಿನ ಮೇಲೆ. ಡಿಎನ್‌ಎ ಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ, ಅದರ ಆರ್‌ಎನ್‌ಎ ಪ್ರತಿಯಷ್ಟೇ ಕೇಂದ್ರದ ಪೊರೆಯ ರಂಧ್ರಗಳ ಮೂಲಕ ಹೊರಬೀಳುತ್ತದೆ. ರೈಬೋಸೋಮ್ ಅದನ್ನು ಓದುತ್ತ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಪೋಣಿಸತೊಡಗುತ್ತದೆ. ಮೊದಲ ಇಪ್ಪತ್ತು ಚಿಲ್ಲರೆ ಅಮೈನೊ ಆಮ್ಲಗಳಲ್ಲೇ ವಿಳಾಸ ಅಡಗಿದೆ. ಅದು ಹೊರಗೆ ಕಾಣಿಸಿದ ಕೂಡಲೇ ರೈಬೋಸೋಮ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಮೇಲೆ ಹೋಗಿ ಕೂರುತ್ತದೆ, ಪ್ರೋಟೀನು ತಯಾರಾಗುತ್ತಿರುವಾಗಲೇ ಅದರೊಳಕ್ಕೆ ಇಳಿಯುತ್ತದೆ. ಚಿತ್ರದಲ್ಲಿ ರೆಟಿಕ್ಯುಲಂ ಮೇಲೆ ಚುಕ್ಕಿ ಚುಕ್ಕಿ ಇಡುತ್ತಿದ್ದೆವಲ್ಲ, ಆ ಚುಕ್ಕಿಗಳೇ ಹೀಗೆ ಬಂದು ಕೂತ ರೈಬೋಸೋಮ್‌ಗಳು. ಪ್ರೋಟೀನಿನಲ್ಲೇ ಅದರ ವಿಳಾಸ ಇರುತ್ತದೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ರೆಟಿಕ್ಯುಲಂ ಒಳಗೆ ಸರಪಳಿ ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಅಲ್ಲಿನ ತಪಾಸಣೆ ಬಲು ಬಿಗಿ, ಮಡಿಕೆ ತಪ್ಪಿದ ಪ್ರೋಟೀನನ್ನು ಹೊರಗೆಳೆದು ನಾಶ ಮಾಡಲಾಗುತ್ತದೆ. ಎಷ್ಟೋ ರೋಗಿಗಳಲ್ಲಿ ಜೀನ್ ಇದೆ, ಕಿಣ್ವವೂ ತಯಾರಾಗುತ್ತದೆ, ಒಂದು ಅಮೈನೊ ಆಮ್ಲ ಬದಲಾದ ಕಾರಣ ಈ ಹಂತದಲ್ಲೇ ಕಸಕ್ಕೆ ಹೋಗುತ್ತದೆ. ಪಾಸಾದದ್ದು ಗಾಲ್ಗಿ ಸಂಕೀರ್ಣ ಸೇರುತ್ತದೆ. ಕ್ಯಾಮಿಲೊ ಗಾಲ್ಗಿ 1898ರಲ್ಲಿ ಇದನ್ನು ವರ್ಣಿಸಿದಾಗ ಅನೇಕರು ನಂಬಲಿಲ್ಲ, ಬೆಳ್ಳಿಯ ಬಣ್ಣ ಹಾಕುವಾಗ ಉಂಟಾದ ಕಲೆಯೆಂದು ದಶಕಗಳ ಕಾಲ ವಾದಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಆ ವಾದ ನಿಂತಿತು. ಇಲ್ಲಿ ಕಿಣ್ವದ ಮೈಮೇಲಿನ ಮ್ಯಾನೋಸ್ ಸಕ್ಕರೆಗೆ ಒಂದು ಫಾಸ್ಫೇಟ್ ಸೇರುತ್ತದೆ. ಇದೇ ಲೈಸೊಸೋಮಿಗೆ ಹೋಗಲು ರಹದಾರಿ. ಈ ಗುರುತನ್ನು ಹಿಡಿಯುವ ಗ್ರಾಹಕಗಳು ಕಿಣ್ವವನ್ನು ಪುಟ್ಟ ಕೋಶಿಕೆಗಳಲ್ಲಿ ತುಂಬಿ ಕಳಿಸುತ್ತವೆ, ಹುಳಿ ಇರುವ ಜಾಗ ಬಂದಾಗ ಕೈಬಿಟ್ಟು ವಾಪಸಾಗುತ್ತವೆ. ಎಲ್ಲ ಕಿಣ್ವಗಳೂ ಇದೇ ದಾರಿಯಲ್ಲಿ ಬರುವುದಿಲ್ಲ, ಹೆಚ್ಚಿನವು ಬರುತ್ತವೆ. ಫಾಸ್ಫೇಟ್ ಅಂಟಿಸುವ ವ್ಯವಸ್ಥೆಯೇ ಕೆಟ್ಟುಹೋದ ಒಂದು ಅಪರೂಪದ ಕಾಯಿಲೆಯಿದೆ, ಐ-ಸೆಲ್ ಎಂದು ಅದರ ಹೆಸರು. ಅಂಥ ಮಕ್ಕಳಲ್ಲಿ ಕಿಣ್ವಗಳಿಗೇನೂ ಬರವಿಲ್ಲ, ರಕ್ತದಲ್ಲಿ ಬೇಕಾದಷ್ಟು ಸಿಗುತ್ತವೆ. ತಲುಪಬೇಕಾದ ಕಡೆ ತಲುಪಿರುವುದಿಲ್ಲ, ಅಷ್ಟೆ.

ಇಷ್ಟೆಲ್ಲ ಸಿದ್ಧತೆ ಯಾವುದಕ್ಕೆ? ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯ, ಹಳತಾದ ಮೈಟೊಕಾಂಡ್ರಿಯ, ಸವೆದ ಪೊರೆಯ ತುಣುಕು, ಎಲ್ಲವನ್ನೂ ಬಿಡಿ ಅಣುಗಳಾಗಿ ಒಡೆದು ಮರಳಿ ಬಳಕೆಗೆ ಕೊಡುವುದಕ್ಕೆ. ಕೋಶ ತನ್ನದೇ ಭಾಗಗಳನ್ನು ಹೀಗೆ ಕರಗಿಸಿಕೊಳ್ಳುವ ಕ್ರಮವನ್ನು ಯೀಸ್ಟಿನಲ್ಲಿ ಬಿಡಿಸಿಟ್ಟವರು ಜಪಾನಿನ ಯೋಶಿನೊರಿ ಓಸುಮಿ. 2016ರಲ್ಲಿ ಅವರಿಗೆ ನೊಬೆಲ್ ಬಂದಾಗಿನಿಂದ, ಏಕಾದಶಿ ಉಪವಾಸಕ್ಕೇ ಆ ಪ್ರಶಸ್ತಿ ಬಂತೆಂಬ ವಾಟ್ಸ್‌ಆ್ಯಪ್ ಸಂದೇಶ ತಿರುಗುತ್ತಲೇ ಇದೆ. ಉಪವಾಸ ಮಾಡುವವರು ಮಾಡಲಿ. ಓಸುಮಿ ಹಸಿವಿಗೆ ಒಡ್ಡಿದ್ದು ಯೀಸ್ಟನ್ನು, ಮನುಷ್ಯರಿಗೆ ಅವರು ಪಥ್ಯ ಬರೆದುಕೊಟ್ಟಿಲ್ಲ.

ಒಂದೇ ಒಂದು ಕಿಣ್ವ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಗೋಷೆ ಕಾಯಿಲೆಯನ್ನು ನೋಡಬೇಕು. ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸೆಕೆಂಡಿಗೆ 20 ಲಕ್ಷದಷ್ಟು ಹಳೆಯ ಕಣಗಳನ್ನು ಗುಲ್ಮ, ಪಿತ್ತಜನಕಾಂಗ ಮತ್ತು ಮೂಳೆಯ ಮಜ್ಜೆಯಲ್ಲಿರುವ ಮ್ಯಾಕ್ರೊಫೇಜ್ ಎಂಬ ಕೋಶಗಳು ನುಂಗುತ್ತವೆ. ರಕ್ತಕಣಗಳ ಪೊರೆಯಲ್ಲಿರುವ ಒಂದು ಕೊಬ್ಬು ಲೈಸೊಸೋಮಿನಲ್ಲಿ ಹಂತ ಹಂತವಾಗಿ ಒಡೆಯುತ್ತ ಬಂದು ಗ್ಲುಕೊಸೆರೆಬ್ರೊಸೈಡ್ ಎಂಬಲ್ಲಿಗೆ ಬರುತ್ತದೆ. ಅದನ್ನು ಒಡೆಯುವ ಕಿಣ್ವ ಇಲ್ಲದಿದ್ದರೆ ಮುಂದಿನ ಹೆಜ್ಜೆ ಇಲ್ಲ. ಕೊಬ್ಬು ಅಲ್ಲೇ ಪೇರಿಸಿಕೊಳ್ಳುತ್ತದೆ, ಮ್ಯಾಕ್ರೊಫೇಜ್ ಊದಿಕೊಳ್ಳುತ್ತದೆ. ಮಜ್ಜೆಯ ಮಾದರಿಯನ್ನು ಗಾಜಿನ ಮೇಲೆ ಹರಡಿ ನೋಡಿದರೆ ಗುಂಡಗೆ ದಪ್ಪಗಾದ ಕೋಶಗಳು, ಅವುಗಳ ಕೇಂದ್ರ ಒಂದು ಬದಿಗೆ ಸರಿದು, ಉಳಿದ ಜಾಗದ ತುಂಬ ಗೀರುಗೀರಾದ ಮಡಿಕೆಗಳು. ಗುಲ್ಮ ಹಿಗ್ಗಿ ಹೊಕ್ಕುಳ ದಾಟಬಹುದು. ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಮಗು ಬಿಳಿಚಿಕೊಳ್ಳುತ್ತದೆ. ಮನೆಯವರು ಜಂತುಹುಳು ಎನ್ನುತ್ತಾರೆ, ಅಪೌಷ್ಟಿಕತೆ ಎಂದು ಟಾನಿಕ್ಕು ಬರುತ್ತದೆ, ವರ್ಷಗಳು ಹೋಗುತ್ತವೆ.

ಚಿಕಿತ್ಸೆಗೆ ಬಾಗಿಲು ತೆರೆದದ್ದು 1968ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ. ಹರ್ಲರ್ ಮತ್ತು ಹಂಟರ್ ಎಂಬ ಎರಡು ಲೈಸೊಸೋಮ್ ಕಾಯಿಲೆಗಳ ರೋಗಿಗಳಿಂದ ಚರ್ಮದ ಕೋಶಗಳನ್ನು ತೆಗೆದು ತಟ್ಟೆಗಳಲ್ಲಿ ಬೆಳೆಸಿದ್ದರು. ಬೇರೆ ಬೇರೆ ಇಟ್ಟಾಗ ಎರಡರಲ್ಲೂ ಕರಗದ ಸರಕು ತುಂಬಿಕೊಳ್ಳುತ್ತಿತ್ತು. ಒಂದೇ ತಟ್ಟೆಯಲ್ಲಿ ಬೆರೆಸಿದರೆ ಎರಡೂ ಸರಿಹೋದವು! ಹರ್ಲರ್ ಕೋಶದಲ್ಲಿ ಇಲ್ಲದ ಕಿಣ್ವ ಹಂಟರ್ ಕೋಶದಲ್ಲಿತ್ತು, ಹಂಟರ್‌ಗೆ ಬೇಕಾದದ್ದು ಹರ್ಲರ್ ಬಳಿಯಿತ್ತು. ತುಸು ತುಸುವಾಗಿ ಹೊರಗೆ ಸೋರಿದ್ದನ್ನು ಪಕ್ಕದ ಕೋಶ ಹೀರಿಕೊಂಡು ತನ್ನ ಲೈಸೊಸೋಮಿಗೆ ತಲುಪಿಸಿಕೊಳ್ಳುತ್ತಿತ್ತು. ಅಂದಮೇಲೆ ಹೊರಗಿನಿಂದ ಕಿಣ್ವ ಕೊಟ್ಟರೂ ನಡೆಯಬೇಕು. 1991ರಲ್ಲಿ ಗೋಷೆ ಕಾಯಿಲೆಗೆ ಅಂಥ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಗ ಕಿಣ್ವವನ್ನು ತೆಗೆಯುತ್ತಿದ್ದದ್ದು ಹೆರಿಗೆಯ ನಂತರದ ಮಾಸುಗಳಿಂದ. ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯದ ಕೋಶಗಳಲ್ಲಿ ತಯಾರಿಸುವುದು ಸಾಧ್ಯವಾಯಿತು. ನಾವು ಮೇಲೆ ಹಿಂಬಾಲಿಸಿದ ಆಲ್ಫಾ ಗ್ಲುಕೊಸಿಡೇಸ್ ಕೊರತೆಗೆ ಪಾಂಪೆ ಕಾಯಿಲೆ ಎಂದು ಹೆಸರು. ಅದರ ಔಷಧ ಬಂದದ್ದು 2006ರಲ್ಲಿ. ಹದಿನೈದು ದಿನಕ್ಕೊಮ್ಮೆ ಡ್ರಿಪ್ ಮೂಲಕ, ಬದುಕಿಡೀ. ರಕ್ತದಿಂದ ಮಿದುಳಿಗೆ ಈ ಕಿಣ್ವಗಳು ದಾಟುವುದಿಲ್ಲವಾದ್ದರಿಂದ ನರಮಂಡಲಕ್ಕೆ ಹತ್ತಿದ ಕಾಯಿಲೆಗೆ ಡ್ರಿಪ್‌ನಿಂದ ಹೆಚ್ಚು ಪ್ರಯೋಜನವಿಲ್ಲ.

ಔಷಧದ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಮಗು ಬೆಳೆದಷ್ಟೂ ಬಿಲ್ಲು ಬೆಳೆಯುತ್ತದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಈಗ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿಯೂ ಒಂದು. 50 ಲಕ್ಷ ಸಣ್ಣ ಮೊತ್ತವಲ್ಲ, ಆದರೆ ಬದುಕಿಡೀ ಬೇಕಾದ ಔಷಧಕ್ಕೆ ಒಂದು ಮಿತಿಯ ಹಣ ಗೊತ್ತುಮಾಡುವುದು ಅರ್ಧದಾರಿಯಲ್ಲಿ ಕೈಬಿಟ್ಟಂತೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯಕ್ಕೆ ಇನ್ನೊಂದು ಕಾರಣಕ್ಕೂ ಇದು ಹತ್ತಿರದ ವಿಷಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ನಡೆದದ್ದು. ಬಹುತೇಕ ಲೈಸೊಸೋಮ್ ಕಾಯಿಲೆಗಳು ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು. ಒಂದೇ ಪ್ರತಿ ದೋಷದ್ದಾದರೆ ಆ ಕಾಯಿಲೆ ಬರುವುದಿಲ್ಲ, ಸಾಮಾನ್ಯವಾಗಿ ಗೊತ್ತೂ ಆಗುವುದಿಲ್ಲ. ಅಕ್ಕನ ಮಗಳನ್ನು ತಂದುಕೊಂಡವರಲ್ಲಿ ಗಂಡ ಹೆಂಡಿರ ಜೀನುಗಳು ಸರಾಸರಿ ನಾಲ್ಕನೇ ಒಂದು ಪಾಲು ಒಂದೇ ಮೂಲದವು, ಅತ್ತೆಮಗ ಮಾವನಮಗಳಾದರೆ ಎಂಟನೇ ಒಂದು. ಇಬ್ಬರಲ್ಲೂ ಅದೇ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಿಕೆಯ ಮದುವೆಯಾದ ಬಹುಪಾಲು ಜನರ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ, ಸಂಬಂಧವಿಲ್ಲದವರ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಹಾಗಾಗಿ ಸೊಸೆಯ ಕಡೆ ಬೆರಳು ತೋರಿಸುವವರಿಗೆ ಇಲ್ಲಿ ಯಾವ ಆಧಾರವೂ ಇಲ್ಲ, ದೋಷದ ಪ್ರತಿ ಎರಡೂ ಕಡೆಯದು.

ಪರೀಕ್ಷೆ ಮಾತ್ರ ಕಾಯಿಲೆಯಷ್ಟು ಜಟಿಲವಲ್ಲ. ವಿಶೇಷ ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲೇ ಈ ಕಿಣ್ವಗಳಲ್ಲಿ ಹಲವನ್ನು ಅಳೆಯಬಹುದು. ಕೊರತೆ ಕಂಡರೆ ಜೀನ್ ಪರೀಕ್ಷೆಯಿಂದ ದೋಷ ಎಲ್ಲಿದೆಯೆಂದು ಹುಡುಕಬಹುದು. ಆ ವರದಿ ಕೈಯಲ್ಲಿದ್ದರೆ ಮುಂದಿನ ಬಸಿರಿನ 11ನೇ ವಾರದ ಹೊತ್ತಿಗೆ ಮಾಸಿನ ಅಂಶ ತೆಗೆದು ನೋಡಲು ಬರುತ್ತದೆ, ಒಡಹುಟ್ಟಿದವರೂ ತಮ್ಮಲ್ಲಿ ಆ ಜೀನ್ ಇದೆಯೇ ಎಂದು ತಿಳಿದುಕೊಳ್ಳಬಹುದು. ಮೊದಲ ಮಗುವಿನ ಕಡತದಲ್ಲಿ 'ಹೊಟ್ಟೆ ಉಬ್ಬರ, ಕಾರಣ ತಿಳಿದಿಲ್ಲ' ಎಂದಷ್ಟೇ ಬರೆದಿದ್ದರೆ ಇದ್ಯಾವುದೂ ಆಗುವುದಿಲ್ಲ. ಗುಲ್ಮ ದಪ್ಪವಾಗಿ, ಮಲೇರಿಯ ಅಲ್ಲ, ರಕ್ತದ ಕ್ಯಾನ್ಸರ್ ಅಲ್ಲ ಎಂದು ಖಚಿತವಾದ ಮೇಲೂ ಇಳಿಯದಿದ್ದರೆ, ಕಿಣ್ವ ಪರೀಕ್ಷೆ ಮಾಡಿಸಬೇಕೇ ಎಂದು ಮನೆಯವರೇ ಡಾಕ್ಟರನ್ನು ಕೇಳಬಹುದು.